ಶನಿವಾರ ಕೇಳುವ ಹಾಗಿಲ್ಲ

ನಮ್ಮ ಚರ್ಚಿನ ಸಭೆಯವರಿಗೆ ಒಂದು ವಾಟ್ಸಾಪ್ ಗುಂಪಿದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಅದನ್ನು ತೆರೆದರೆ ಮಂಡಿನೋವಿನಿಂದ ಹಿಡಿದು ಕುವೈತಿನ ವೀಸಾದವರೆಗೆ ಎಲ್ಲ ವಿಷಯಗಳೂ ಸಾಲಾಗಿ ಕಾದಿರುತ್ತವೆ. ನಮ್ಮವರ ಬಾಯಲ್ಲಿ 'ವಿಷಯ' ಎಂದರೆ ಪ್ರಾರ್ಥನೆಯಲ್ಲಿ ದೇವರ ಹತ್ತಿರ ಕೇಳಬೇಕಾದದ್ದು. ಒಬ್ಬರು ವಿಷಯ ಹಾಕುತ್ತಾರೆ, ಉಳಿದವರು ಅದರ ಕೆಳಗೆ ಜೋಡಿಸಿದ ಕೈಗಳ ಚಿತ್ರ ಹಾಕುತ್ತಾರೆ. ನಾನೂ ಹಾಕುತ್ತೇನೆ, ಹಾಕಿದ ಮೇಲೆ ನಿಜವಾಗಿ ಪ್ರಾರ್ಥನೆಯನ್ನೂ ಮಾಡುತ್ತೇನೆ. ಆದರೆ ಶನಿವಾರ ಮಾತ್ರ ಆ ಗುಂಪಿಗೆ ನನ್ನದು ಒಂದೇ ಸಾಲು: ಇವತ್ತು ವಿಷಯ ಎಂತದೂ ಇಲ್ಲ, ದೇವರಿಗೆ ಸ್ತೋತ್ರ. ಮೊದಲ ಸಲ ಹಾಗೆ ಹಾಕಿದಾಗ ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ ಕೂಡಲೇ ಫೋನ್ ಮಾಡಿದಳು.

"ಹಿಲ್ಡಕ್ಕ, ಹುಷಾರುಂಟಲ್ಲ ನೀವು?"

"ಹುಷಾರುಂಟು ಮಾರಾಯ್ತಿ. ಯಾಕೆ?"

"ಅಲ್ಲ, ಎಂತದೂ ಕೇಳದೆ ಬರೀ ಸ್ತೋತ್ರ ಅಂತ ಹಾಕಿದ್ದೀರಿ. ಮನೆಯಲ್ಲಿ ಎಂತಾದರೂ ಆಯ್ತಾ ಅಂತ ಹೆದರಿಕೆ ಆಯ್ತು."

ಅವಳದ್ದು ತಪ್ಪಲ್ಲ. ಕಷ್ಟ ಇಲ್ಲದೆ ದೇವರ ಹತ್ತಿರ ಯಾರು ಹೋಗುತ್ತಾರೆ ಎಂಬ ಲೆಕ್ಕದಲ್ಲೇ ನಾವೆಲ್ಲ ಬೆಳೆದವರು. ಅವಳಿಗೆ ಸರಿಯಾಗಿ ಉತ್ತರ ಕೊಡಬೇಕಿದ್ದರೆ ನಾನು ಆದಿ ಉಡುಪಿಯ ಮಾರುಕಟ್ಟೆಯ ಹಿಂದಿನ ಆ ಹೆಂಚಿನ ಮನೆಯ ಬಾಗಿಲು ತೆರೆಯಬೇಕಿತ್ತು. ಅಷ್ಟು ಹೊತ್ತು ಫೋನಿನಲ್ಲಿ ಮಾತಾಡುವ ತಾಳ್ಮೆ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅದು ಬಾಡಿಗೆ ಮನೆ. ಮುಂದೆ ಸಣ್ಣ ಜಗಲಿ, ಒಳಗೆ ಚಾವಡಿ, ಚಾವಡಿಗೆ ತಾಗಿ ಕತ್ತಲೆಯ ಒಂದು ನಡುಕೋಣೆ, ಕೊನೆಗೆ ಹೊಗೆ ಹಿಡಿದ ಅಡಿಗೆಮನೆ. ಸಂತೆಯ ದಿನ ಮಾರುಕಟ್ಟೆಯಿಂದ ಈರುಳ್ಳಿ, ಒಣಮೆಣಸು, ಕೊಳೆತ ಕ್ಯಾಬೇಜಿನ ವಾಸನೆಗಳು ಗಾಳಿಯ ಜೊತೆ ಒಳಗೆ ಬಂದು ಅಮ್ಮನ ಬಂಗುಡೆ ಸಾರಿನ ವಾಸನೆಯ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದವು. ಅಪ್ಪ ಉಡುಪಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್. ಕಾರ್ಕಳದ ಬಸ್ಸು ಯಾವಾಗ ಹೊರಡಬೇಕು, ಹೆಜಮಾಡಿಯ ಬಸ್ಸು ಎಷ್ಟು ಹೊತ್ತು ನಿಲ್ಲಬಹುದು ಎಂದು ನಿರ್ಧರಿಸುವವರು ಅವರು. ಖಾಸಗಿ ಬಸ್ಸಿನವರಿಗೆ ಒಂದು ನಿಮಿಷವೆಂದರೆ ಒಂದು ಬಸ್ಸು ಜನ. ಹಿಂದಿನವನು ಆ ನಿಮಿಷಕ್ಕಾಗಿ ಮುಂದಿನವನ ಅಂಗಿಯ ಕಾಲರು ಹಿಡಿಯುತ್ತಿದ್ದ. ನಡುವೆ ಅಪ್ಪ ಕುತ್ತಿಗೆಯಲ್ಲಿ ಸೀಟಿ ಹಾಕಿಕೊಂಡು ಅಲುಗಾಡದೆ ನಿಂತಿರುತ್ತಿದ್ದರು. ಮನೆಗೆ ಬಂದ ಮೇಲೂ ಆ ಸೀಟಿ ಅವರ ಕುತ್ತಿಗೆಯಲ್ಲೇ ಇರುತ್ತಿತ್ತು. ಗೋಡೆ ಗಡಿಯಾರವನ್ನು ಐದು ನಿಮಿಷ ಮುಂದೆ ಇಟ್ಟಿದ್ದರು, ಅದು ಎಲ್ಲರಿಗೂ ಗೊತ್ತಿದ್ದರಿಂದ ಯಾರಿಗೂ ಅದರಿಂದ ಉಪಕಾರವಾಗಲಿಲ್ಲ.

ನಾವು ಜರ್ಮನ್ ಪಾದ್ರಿಗಳ ಕಾಲದಲ್ಲಿ ಆದ ಸಭೆಯವರು. ಮನೆಯಲ್ಲಿ ತುಳುವೂ ಕನ್ನಡವೂ ಕಲಸಿದ ಮಾತು, ಪ್ರಾರ್ಥನೆ ಮಾತ್ರ ಕನ್ನಡ. ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಚಾಪೆ ಹಾಕಿ ಕೂರುವುದು, ಒಂದು ಗೀತೆಯನ್ನು ಎಲ್ಲ ಚರಣಗಳೊಂದಿಗೆ ಹಾಡುವುದು, ಬೈಬಲ್ ಓದುವುದು, ಕೊನೆಗೆ ಪ್ರಾರ್ಥನೆ, ಆಮೇಲೆ ಊಟ. ಅದು ಕ್ರಮ. ಆದರೆ ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಗೀತೆ ಬಿದ್ದುಹೋಗಿತ್ತು. ಗೀತೆಯ ಪುಸ್ತಕ ಕಪಾಟಿನ ಮೇಲೆ, ಕೊಡೆಗಳ ಪಕ್ಕದಲ್ಲಿ ಮಲಗಿತ್ತು. ಅಪ್ಪ ನಾಲ್ಕು ವಚನ ಓದಿ, ಪುಸ್ತಕ ಮುಚ್ಚಿ, ನಮ್ಮ ಕಡೆ ತಿರುಗಿ, "ಹಾಂ, ವಿಷಯ ಹೇಳಿ" ಎನ್ನುತ್ತಿದ್ದರು. ನನ್ನ ಕೆಮ್ಮು, ಗಣಿತದ ಪರೀಕ್ಷೆ, ಅಮ್ಮನ ತಲೆನೋವು, ಮಾಡಿನ ಸೋರುವ ಹೆಂಚು. ಇಷ್ಟರಲ್ಲಿ ಮುಗಿಯುತ್ತಿರಲಿಲ್ಲ. ನಿಲ್ದಾಣದ ಡ್ರೈವರು ಕಂಡಕ್ಟರುಗಳು ಎಲ್ಲ ಜಾತಿಯವರೂ ಅಪ್ಪನ ಹತ್ತಿರ ವಿಷಯ ಕೊಟ್ಟು ಕಳಿಸುತ್ತಿದ್ದರು.

"ಜಯಕರಣ್ಣ, ತಂಗಿಗೆ ಒಂದು ಸಂಬಂಧ ಬಂದುಂಟು. ನಿಮ್ಮ ದೇವರಿಗೂ ಒಂದು ಮಾತು ಹೇಳಿಡಿ."

ಅಪ್ಪ ಯಾವುದನ್ನೂ ಮರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದೊಂದೇ ವಿಷಯವನ್ನು ನಿಲ್ದಾಣದಿಂದ ಬಸ್ಸು ಬಿಡುವ ಹಾಗೆ ಬಿಡುತ್ತಿದ್ದರು. ದೇವರಿಗೂ ಟೈಮಿಂಗ್ ಕೊಡುತ್ತಿದ್ದರು: "ಬರುವ ಗುರುವಾರದ ಒಳಗೆ, ಕರ್ತನೇ." ಆಮೆನ್ ಎಂದ ಕೂಡಲೇ ಎದ್ದು ಕೈತೊಳೆಯಲು ಹೋಗುತ್ತಿದ್ದರು.

ಗೀತೆ ಯಾಕೆ ಬಿದ್ದುಹೋಯಿತೆಂದು ನಾನು ಕೇಳಿದ್ದಿಲ್ಲ, ಕೇಳಬಾರದೆಂದು ಹೇಗೋ ಗೊತ್ತಿತ್ತು. ನನಗೊಬ್ಬ ತಮ್ಮ ಇದ್ದ. ಇನ್ನೂ ಗೋಡೆ ಹಿಡಿದು ನಿಲ್ಲುವ ಪ್ರಾಯ. ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಸಾಧಾರಣ ಜ್ವರ ಎಂದು ಕಷಾಯ ಕೊಟ್ಟರು. ಬೆಳಗಾಗುವಾಗ ಮಗುವಿನ ಕಣ್ಣು ಮೇಲೆ ಹೋಗಿತ್ತು. ಅಮ್ಮ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಕೈ ಹಿಡಿದುಕೊಂಡು ನಿಲ್ದಾಣಕ್ಕೆ ಓಡಿದರು. ಮಣಿಪಾಲದ ದೊಡ್ಡಾಸ್ಪತ್ರೆಯ ಕಡೆಗೆ ಹೋಗುವ ಬಸ್ಸು ತನ್ನ ಹೊತ್ತಿಗಾಗಿ ಕಾಯುತ್ತಾ ನಿಂತಿತ್ತು. ಅಪ್ಪ ಗಡಿಯಾರ ನೋಡಲಿಲ್ಲ, ಸೀಟಿ ಊದಿದರು. ಹೊತ್ತಿಗೆ ಮೊದಲು ಆ ನಿಲ್ದಾಣದಿಂದ ಅವರು ಬಿಟ್ಟ ಬಸ್ಸು ಅದೊಂದೇ ಇರಬೇಕು. ಹಿಂದಿನ ಬಸ್ಸಿನ ಯಾರೂ ಆ ದಿನ ಬಾಯಿ ತೆರೆಯಲಿಲ್ಲ. ಬಸ್ಸಿನಲ್ಲಿ ಅಮ್ಮ ಇಡೀ ದಾರಿ ಕೇಳುತ್ತಾ ಇದ್ದರು, ಕೊಡು, ಕೊಡು, ಇವನನ್ನು ನನಗೆ ಕೊಡು ಎಂದು. ತಮ್ಮ ಸಿಗಲಿಲ್ಲ. ಅದಕ್ಕೆ ಮೊದಲು ಅಮ್ಮ ಚರ್ಚಿನ ಗಾಯನ ತಂಡದಲ್ಲಿ ಮೊದಲ ಸಾಲಿನವರು. ಕಾಪುವಿನಿಂದ ಮದುವೆಯಾಗಿ ಬಂದ ಹುಡುಗಿ ಹಾರ್ಮೋನಿಯಂ ಇಲ್ಲದೆಯೇ ಸ್ವರ ಹಿಡಿಯುತ್ತಾಳೆ ಎಂದು ಹೆಸರಿತ್ತು. ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಅವರು ಹಾಡಲಿಲ್ಲ. ಅವರು ಹಾಡದ ಮೇಲೆ ನಮ್ಮ ಮನೆಯಲ್ಲಿ ಹಾಡುವವರು ಯಾರೂ ಇರಲಿಲ್ಲ. ಅಪ್ಪ ಆ ಸಾವಿನಿಂದ ಕಲಿತದ್ದು ಬೇರೆಯೇ ಪಾಠ: ಕೇಳುವುದು ತಡವಾಯಿತು, ಇನ್ನು ಮುಂದೆ ಎಲ್ಲವನ್ನೂ ಮೊದಲೇ ಕೇಳಿಬಿಡಬೇಕು.

ಇಂಥ ಮನೆಗೆ ಮರುವರ್ಷ ಅಜ್ಜಿ ಬಂದರು. ಅಪ್ಪನ ಅಮ್ಮ. ಕಾರ್ಕಳದಿಂದ ಒಳಗೆ ಸ್ವಲ್ಪ ನಡೆದರೆ ಸಿಗುವ ಒಂದು ಊರಿನವರು. ಒಂದು ಟ್ರಂಕು, ಒಂದು ಭರಣಿ ಉಪ್ಪಿಗೆ ಹಾಕಿದ ಹಲಸಿನ ತೊಳೆ, ಒಂದು ಊರುಗೋಲು. ಆ ಊರುಗೋಲನ್ನು ಅವರು ಊರಿದ್ದಕ್ಕಿಂತ ತೋರಿಸಿದ್ದೇ ಹೆಚ್ಚು. ಮೊದಲ ಸಂಜೆ ಚಾಪೆಯ ಮೇಲೆ ಕೂತು ಅಪ್ಪ ವಚನ ಓದಿದರು, "ಹಾಂ, ವಿಷಯ ಹೇಳಿ" ಎಂದರು. ಅಜ್ಜಿಯ ಊರುಗೋಲು ಎದ್ದಿತು.

"ಹಾಡು ಎಲ್ಲಿ?"

"ಹೊತ್ತಾಗ್ತದಮ್ಮ. ವಿಷಯ ತುಂಬ ಉಂಟು."

"ನಿನ್ನ ಮನೆಗೆ ಒಬ್ಬ ಬರ್ತಾನೆ ಅಂತ ಇಟ್ಟುಕೋ ಜಯಕರ. ಚಪ್ಪಲಿ ಕಳಚುವ ಮೊದಲೇ 'ನನಗೆ ಅದು ಕೊಡಿ, ಇದು ಕೊಡಿ' ಅಂತ ಶುರು ಮಾಡಿದ್ರೆ ನಿನಗೆ ಹೇಗಾಗ್ತದೆ? ಬರಬೇಕು, ಕೂರಬೇಕು, ಬೆಲ್ಲ ನೀರು ಕುಡಿಯಬೇಕು, ಮುಖ ನೋಡಿ ನಾಲ್ಕು ಮಾತಾಡಬೇಕು. ಬಂದ ಕೆಲಸ ಆಮೇಲೆ."

"ದೇವರಿಗೆ ಗೊತ್ತಿಲ್ವಾ ನಮ್ಮ ಕಷ್ಟ?"

"ಗೊತ್ತುಂಟಲ್ಲ. ಮತ್ತೆ ಯಾಕೆ ಅಷ್ಟು ಅವಸರದಲ್ಲಿ ಹೇಳುದು?"

ಅಪ್ಪ ನಕ್ಕು, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಬಸ್ಸಿನವರ ಜಗಳ ಬಿಡಿಸಿ ಅಭ್ಯಾಸವಿದ್ದ ಅವರಿಗೆ ಯಾರ ಹತ್ತಿರ ಮಾತು ಬೆಳೆಸಬಾರದೆಂದು ತಿಳಿದಿತ್ತು. ಆದರೆ ಅಜ್ಜಿ ಹಿಡಿದದ್ದನ್ನು ಬಿಡುವವರಲ್ಲ. ಎರಡು ವಾರ ಬಿಡದೆ ಹೇಳಿದರು. ಕಡೆಗೆ ಒಂದು ಸಂಜೆ ಅಪ್ಪ ನಿಲ್ದಾಣದಿಂದ ಬಂದು ಜಗಲಿ ಹತ್ತುವಾಗ ನಾನು ಎಂದಿನಂತೆ ಓಡಿಹೋಗಿ ಅವರ ಚೀಲಕ್ಕೆ ಕೈ ಹಾಕಿದೆ. ಅಜ್ಜಿ ಅದನ್ನೇ ಕಾಯುತ್ತಿದ್ದಂತೆ ಇತ್ತು.

"ನೋಡು ಜಯಕರ. ನಿನ್ನ ಮಗಳು ನಿನ್ನ ಕೈ ನೋಡಿದಳು, ಮುಖ ನೋಡಲಿಲ್ಲ. ನಿನಗೆ ಬೇಜಾರಿಲ್ವಾ?"

"ಮಕ್ಕಳಲ್ವಾ ಅಮ್ಮ."

"ಮಕ್ಕಳೇ. ಆದ್ರೆ ವಾರಕ್ಕೆ ಒಂದು ದಿನ ಆದ್ರೂ ಅವಳು ಓಡಿ ಬಂದು ನಿನ್ನ ಮುಖ ನೋಡ್ಲಿ ಅಂತ ನಿನಗೆ ಇಲ್ವಾ?"

ನಾನು ಚೀಲದಿಂದ ಕೈ ತೆಗೆದೆ. ಅಪ್ಪನ ಮುಖ ನೋಡಿದೆ. ಬೆವರು, ಧೂಳು, ಸೀಟಿಯ ದಾರ ಕುತ್ತಿಗೆಯಲ್ಲಿ ಎಳೆದ ಗೆರೆ. ಇಷ್ಟು ದಣಿದ ಮುಖವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಅಪ್ಪನ ಮೇಲೆ ನನಗೆ ತುಂಬ ಪ್ರೀತಿ ಬಂತು. ಆ ದಿನವೇ ಕಾನೂನು ಆಯಿತು: ಆರು ದಿನ ಬೇಕಾದಷ್ಟು ಕೇಳಬಹುದು, ಶನಿವಾರ ಕೇಳುವ ಹಾಗಿಲ್ಲ. ಶನಿವಾರ ಸ್ತೋತ್ರ, ಹಾಡುವವರಿದ್ದರೆ ಹಾಡು, ಅಷ್ಟೇ.

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರು.

"ಶನಿವಾರ ಯಾರಿಗಾದ್ರೂ ಜೀವಕ್ಕೆ ಬಂದ್ರೆ ಎಂತ ಮಾಡುದು ಮಾಮಿ?"

"ಉಳಿದ ಆರು ದಿನ ಕೇಳಿದ್ದು ದೇವರಿಗೆ ಅಷ್ಟು ಬೇಗ ಮರೆತು ಹೋಗ್ತದಾ ಸುಗುಣ?"

ಮಾಮಿ ಎಂದರೆ ನಮ್ಮಲ್ಲಿ ಅತ್ತೆ. ಅಮ್ಮ ಒಳಗೆ ಹೋದರು.

ಮೊದಲ ಶನಿವಾರ ನಮ್ಮ ಮರ್ಯಾದೆ ಹೋಯಿತು. ಕೇಳಬಾರದು ಎಂದ ಮೇಲೆ ಚಾಪೆಯ ಮೇಲೆ ಕೂತ ಮೂವರಿಗೂ ದೇವರ ಹತ್ತಿರ ಹೇಳಲು ಒಂದು ಮಾತೂ ಇರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು ಹೊರಟರು: "ಕರ್ತನೇ ನಿನಗೆ ಸ್ತೋತ್ರ, ನಾಳೆ ಮಳೆ ಬಾರದ ಹಾಗೆ ನೀನು..." ಅಜ್ಜಿ ಊರುಗೋಲಿನಿಂದ ನೆಲಕ್ಕೆ ತಟ್ಟಿದರು. ಅಪ್ಪ ದಾರಿ ಬದಲಿಸಿದರು: "ನನ್ನ ಮಗಳಿಗೆ ಗಣಿತದಲ್ಲಿ ಒಳ್ಳೆ ಮಾರ್ಕು ಕೊಡಲಿರುವ ದೇವರೇ, ನಿನಗೆ ಸ್ತೋತ್ರ." ಮತ್ತೆ ಊರುಗೋಲು.

"ಹಿಂದಿನ ಬಾಗಿಲಿಂದ ಬರಬೇಡ ಮಗ. ಅದು ಕೇಳಿದ್ದೇ."

ನನ್ನ ಸರದಿ ಬಂದಾಗ ನಾನು ಜಾಣೆಯಂತೆ, ಮಧ್ಯಾಹ್ನದ ಮೀನಿಗಾಗಿ ಸ್ತೋತ್ರ ಎಂದೆ.

"ಅದು ಉಪಕಾರ ಹೇಳಿದ್ದು ಬಾಲೆ. ಅದೂ ಒಳ್ಳೆಯದೇ. ಆದ್ರೆ ಕೊಟ್ಟದ್ದನ್ನು ಬದಿಗಿಡು. ಕೊಟ್ಟವರು ಹೇಗಿದ್ದಾರೆ ಅಂತ ಹೇಳು."

ದೇವರು ಹೇಗಿದ್ದಾರೆ ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಭಾನುವಾರ ಶಾಲೆಯಲ್ಲೂ ದೇವರು ಏನು ಮಾಡಿದರು ಎಂದು ಕೇಳುತ್ತಿದ್ದರು, ಹೇಗಿದ್ದಾರೆ ಎಂದಲ್ಲ. ತುಂಬ ಹೊತ್ತು ಕಣ್ಣು ಮುಚ್ಚಿ ಕೂತೆ. ಅಮ್ಮನ ಊರಿನ ನೆನಪಾಯಿತು, ದೀಪಸ್ತಂಭದ ಬಂಡೆಯ ಮೇಲೆ ನಿಂತರೆ ಕಾಣುವ ನೀರು. "ದೇವರೇ, ನೀನು ಕಾಪುವಿನ ಸಮುದ್ರಕ್ಕಿಂತ ದೊಡ್ಡವನು" ಎಂದೆ. ಊರುಗೋಲು ತಟ್ಟಲಿಲ್ಲ. ನನ್ನ ಮೈಯಲ್ಲಿ ಏನೋ ಹಗುರವಾದಂತಾಯಿತು. ಆ ಒಂದು ಮಾತಿನಲ್ಲಿ ನನ್ನ ಕೆಮ್ಮಿಗೂ ಗಣಿತಕ್ಕೂ ಜಾಗವೇ ಇರಲಿಲ್ಲ, ಅವೆರಡನ್ನೂ ಬಿಟ್ಟು ನಾನು ಅಷ್ಟು ಹೊತ್ತು ಇದ್ದೆನಲ್ಲ ಎಂದು ಆಶ್ಚರ್ಯವಾಯಿತು. ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಅರಿಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬು ಕೊಟ್ಟರು. ಶನಿವಾರಕ್ಕೆ ಆ ಕಡುಬು ಖಾಯಂ ಆಯಿತು. ನನ್ನ ಭಕ್ತಿಯಲ್ಲಿ ಅದರ ಪಾಲು ಎಷ್ಟೆಂದು ನಾನು ಹೇಳಲಾರೆ.

ಅಮ್ಮ ಮಾತ್ರ ತಮ್ಮ ಸರದಿ ಬಂದಾಗ ತಲೆ ತಗ್ಗಿಸಿ ಸುಮ್ಮನಿದ್ದರು. ಉಳಿದ ದಿನಗಳಲ್ಲಿ ಅಪ್ಪನ ಜೊತೆ ಅವರೂ ಕೇಳುತ್ತಿದ್ದರು, ಚಿಕ್ಕ ದನಿಯಲ್ಲಿ, ಕರ್ತವ್ಯದಂತೆ. ಶನಿವಾರ ಅವರ ಬಾಯಿ ತೆರೆಯುತ್ತಿರಲಿಲ್ಲ. ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಅದು ಹೊರಬಂತು. ಅಮ್ಮ ಮೆಟ್ಟುಕತ್ತಿಯ ಮೇಲೆ ಕೂತು ಬಸಳೆ ಹೆಚ್ಚುತ್ತಿದ್ದರು, ನಾನು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅಜ್ಜಿ ನೀರು ಕುಡಿಯಲು ಬಂದವರು ಅಲ್ಲೇ ನಿಂತರು.

"ಸುಗುಣ, ನಿನಗೆ ಒಂದು ಮಾತೂ ಬರುದಿಲ್ವಾ?"

"ಮಾಮಿ, ಕೇಳು ಅಂದ್ರೆ ಕೇಳ್ತೇನೆ. ಈ ಮಗು ಒಬ್ಬಳಾದ್ರೂ ಉಳೀಬೇಕಲ್ಲ, ಅದಕ್ಕೆ ಕೇಳ್ತೇನೆ. ಹೊಗಳು ಅಂತ ಮಾತ್ರ ಹೇಳಬೇಡಿ. ಅವನನ್ನು ಎತ್ತಿಕೊಂಡು ಬಸ್ಸಿನಲ್ಲಿ ಕೂತಾಗ ನಾನು ಎಷ್ಟು ಬೇಡಿದ್ದೇನೆ ಅಂತ ನಿಮಗೆ ಗೊತ್ತಿಲ್ಲ. ಕೊಡ್ಲಿಲ್ಲ. ಕೊಡದವರನ್ನು ಬಾಯಿ ತುಂಬ ಹೊಗಳಿದ್ರೆ ಅದು ಸುಳ್ಳಾಗ್ತದೆ. ದೇವರ ಎದುರು ಸುಳ್ಳು ಹಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅಜ್ಜಿ ಬೈಯುತ್ತಾರೆಂದು ನಾನು ಬೆಳ್ಳುಳ್ಳಿ ಬಿಟ್ಟು ಕೂತೆ. ಅಜ್ಜಿ ಬೈಯಲಿಲ್ಲ. ನಿಧಾನ ಕೆಳಗೆ ಕೂತರು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಸುಳ್ಳು ಹಾಡಬೇಡ. ನಾನೂ ಇಬ್ಬರನ್ನು ಮಣ್ಣಿಗೆ ಕೊಟ್ಟವಳು, ಹಾಡು ಅಂತ ನಿನಗೆ ಹೇಳ್ಲಿಕ್ಕೆ ನನಗೆ ಬಾಯಿ ಇಲ್ಲ. ಆದ್ರೆ ಬಂದು ಕೂತುಕೋ. ನಿನ್ನ ಸಿಟ್ಟನ್ನೂ ಕರಕೊಂಡು ಬಂದು ಪಕ್ಕದಲ್ಲಿ ಕೂರಿಸು. ಹಾಡು ನಾನು ಹಾಡ್ತೇನೆ. ನಿನ್ನ ಜಾಗ ಮಾತ್ರ ಖಾಲಿ ಬಿಡಬೇಡ."

"ನಿಮಗೆ ಹಾಡ್ಲಿಕ್ಕೆ ಬರ್ತದಾ ಮಾಮಿ?"

"ಬರುದಿಲ್ಲ. ಆದ್ರೂ ಹಾಡ್ತೇನೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಆ ಶನಿವಾರ ಅಪ್ಪನಿಗೆ ಹೇಳಿ ಕಪಾಟಿನ ಮೇಲಿಂದ ಗೀತೆಯ ಪುಸ್ತಕ ಇಳಿಸಿಕೊಂಡು, ಧೂಳು ಕೊಡವಿ, ಅದನ್ನು ಮುಚ್ಚಿಯೇ ಮಡಿಲಲ್ಲಿಟ್ಟುಕೊಂಡು ಬಾಯಿಪಾಠದಿಂದ ಹಾಡಿದರು. ಹಳೆಯ ಒಂದು ಸ್ತುತಿಗೀತೆ. ದೇವರು ಇದ್ದಾರೆ, ಬೆಟ್ಟಕ್ಕಿಂತ ಮೊದಲು ಇದ್ದರು, ನಾವು ಹೋದ ಮೇಲೂ ಇರುತ್ತಾರೆ ಎನ್ನುವುದನ್ನೇ ಚರಣದಿಂದ ಚರಣಕ್ಕೆ ಹೇಳುವ ಹಾಡು. ಅದರಲ್ಲಿ 'ಕೊಡು' ಎಂಬ ಮಾತೇ ಇಲ್ಲ. ಆಮೇಲೊಮ್ಮೆ ಅಪ್ಪ ಪುಸ್ತಕ ತೆರೆದು ಹುಡುಕಿ ನೋಡಿದ್ದರು. ಮಾತು ಸರಿಯಿತ್ತು, ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು. ಚರ್ಚಿನಲ್ಲಿ ಹಾರ್ಮೋನಿಯಂ ಜೊತೆ ಮೆಟ್ಟಿಲು ಇಳಿದಂತೆ ಇಳಿಯುವ ಜರ್ಮನ್ ರಾಗ ಅದು. ಅಜ್ಜಿ ಇಳಿಯಬೇಕಾದಲ್ಲಿ ಏರುತ್ತಿದ್ದರು, ನಿಲ್ಲಬೇಕಾದಲ್ಲಿ ಎಳೆಯುತ್ತಿದ್ದರು, ಸಾಲಿನ ಕೊನೆಗೆ ಎಲ್ಲೂ ಇಲ್ಲದ ಒಂದು ಓ ಸೇರಿಸುತ್ತಿದ್ದರು. ಅಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಕೂತರು. ಅಮ್ಮನ ಹುಬ್ಬು ಗಂಟಾಯಿತು. ಸಂಗೀತ ಗೊತ್ತಿದ್ದವರಿಗೆ ಅಪಸ್ವರ ಎಂದರೆ ಹಲ್ಲಿನಡಿ ಕಲ್ಲು ಸಿಕ್ಕಿದ ಹಾಗೆ. ಅಜ್ಜಿ ಎಲ್ಲ ಚರಣಗಳನ್ನೂ ಮುಗಿಸಿಯೇ ಬಿಟ್ಟರು. ಮುಂದಿನ ಶನಿವಾರವೂ ಅದೇ ಹಾಡು, ಅದೇ ತಪ್ಪು. ಅದರ ಮುಂದಿನ ಶನಿವಾರವೂ.

ಮಳೆ ಹಿಡಿದು, ಬಿಟ್ಟು, ಮತ್ತೆ ಹಿಡಿದ ಒಂದು ಶನಿವಾರ ಅಜ್ಜಿ ಮೂರನೇ ಚರಣದಲ್ಲಿ ಎಂದಿಗಿಂತ ಜೋರಾಗಿ ಏರಿದರು. ಅಮ್ಮನಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾಮಿ. ಅಲ್ಲಿ ಇಳೀಬೇಕು."

"ಎಲ್ಲಿ?"

"ಅಲ್ಲೇ, ಬೆಟ್ಟ ಅಂತ ಬರುವಲ್ಲಿ."

"ನನಗೆ ಗೊತ್ತಾಗುದಿಲ್ಲ. ತೋರಿಸು."

ಅಮ್ಮ ಆ ಒಂದು ಸಾಲು ಹಾಡಿದರು. ಅಷ್ಟೇ ಸಾಲು, ನೆಲ ನೋಡುತ್ತಾ, ಲೆಕ್ಕ ತಿದ್ದುವ ಟೀಚರಿನಂತೆ. ಅಜ್ಜಿ ಗಮನವಿಟ್ಟು ಕೇಳಿ, ತಲೆಯಾಡಿಸಿ, ಮತ್ತೆ ತಪ್ಪಾಗಿಯೇ ಹಾಡಿದರು. ಅಮ್ಮ ಸಿಡುಕಿನಿಂದ ಪುನಃ ಹಾಡಿ ತೋರಿಸಿದರು, ಹಿಂದಿನ ಸಾಲನ್ನೂ ಸೇರಿಸಿ. ಅಜ್ಜಿ ಮತ್ತೆ ತಪ್ಪಿದರು. "ಮೊದಲಿಂದ ಕೇಳಿ" ಎಂದು ಅಮ್ಮ ಮೊದಲ ಚರಣದಿಂದ ಎತ್ತಿಕೊಂಡರು. ಅಪ್ಪ ಕುತ್ತಿಗೆಯ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲುಗಾಡದೆ ಕೂತಿದ್ದರು. ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಉಸಿರು ಬಿಟ್ಟರೆ ಆ ದನಿ ನಿಂತುಹೋಗುತ್ತದೆ ಎಂಬ ಹೆದರಿಕೆ. ನಿಲ್ಲಲಿಲ್ಲ. ಮೂರನೇ ಚರಣದಲ್ಲಿ ಸ್ವಲ್ಪ ನಡುಗಿತು, ನಾಲ್ಕರಲ್ಲಿ ಸರಿಯಾಯಿತು. ಮುಗಿದ ಮೇಲೆ ಅಮ್ಮ ಎದ್ದು, "ಅನ್ನ ಸೀದು ಹೋಗ್ತದೆ" ಎಂದು ಒಳಗೆ ಹೋದರು. ಒಲೆಯ ಮೇಲೆ ಅನ್ನ ಇರಲಿಲ್ಲ, ಬಸಿದಿಟ್ಟು ಆಗಲೇ ತುಂಬ ಹೊತ್ತಾಗಿತ್ತು.

ಅಲ್ಲಿಂದ ಮುಂದೆ ಶನಿವಾರಗಳು ಗದ್ದಲದ ದಿನಗಳಾದವು. ಅಮ್ಮ ತಿದ್ದುವುದು, ಅಜ್ಜಿ ತಪ್ಪುವುದು. "ಇಷ್ಟು ಸಲ ಹೇಳಿಕೊಟ್ಟರೂ ಕಲ್ಲಿಗೆ ನೀರು ಹೊಯ್ದ ಹಾಗೆ" ಎಂದು ಅಮ್ಮ ನನ್ನ ಹತ್ತಿರ ದೂರುತ್ತಿದ್ದರು. ಒಂದು ಮಳೆಗಾಲದಲ್ಲಿ ಶಾಲೆಗೆ ರಜೆ ಸಿಕ್ಕಿದಾಗ ಅಜ್ಜಿ ನನ್ನನ್ನು ಕಾರ್ಕಳದ ಬಸ್ಸು ಹತ್ತಿಸಿ ಊರಿಗೆ ಕರೆದುಕೊಂಡು ಹೋದರು. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆಯುವಾಗ ಒಂದು ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದರು. ಹೆಂಗಸರು ಸಾಲಾಗಿ ಬಗ್ಗಿ, ಮಳೆಗೆಂದು ತಲೆಗೆ ಎಲೆಯ ಗೊರಬೆ ಹಾಕಿಕೊಂಡು, ಸಸಿ ಊರುತ್ತಾ ತುಳುವಿನಲ್ಲಿ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಡುವುದು, ಉಳಿದವರು ಸಾಲಿನ ಕೊನೆಗೆ ಓ ಎಂದು ಎಳೆಯುವುದು. ನಾನು ಬದುವಿನ ಮೇಲೆ ನಿಂತುಬಿಟ್ಟೆ.

"ಅಜ್ಜಿ, ಇದು ನಿಮ್ಮ ಹಾಡು."

"ರಾಗ ಮಾತ್ರ ಬಾಲೆ. ನನ್ನಮ್ಮ ಇಂಥ ಗದ್ದೆಯಲ್ಲೇ ಕೆಲಸ ಮಾಡಿದವಳು. ಹಾಡಿನ ಮಾತು ಪಾದ್ರಿ ಕಲಿಸಿದ್ರು, ಬಾಯಿಪಾಠ ಮಾಡಿದಳು. ಹಾರ್ಮೋನಿಯಂ ಪೆಟ್ಟಿಗೆಯ ರಾಗ ಅವಳಿಗೆ ಹತ್ತಲಿಲ್ಲ. ಅವಳಿಗೆ ಗೊತ್ತಿದ್ದ ರಾಗ ಇದೊಂದೇ. ತನ್ನ ಹತ್ತಿರ ಇದ್ದದ್ದನ್ನೇ ದೇವರಿಗೆ ಕೊಟ್ಟಳು."

"ಹಾಗಾದ್ರೆ ತಪ್ಪಲ್ಲ. ಅಮ್ಮನಿಗೆ ಹೇಳುವ."

"ಬೇಡ." ಅಜ್ಜಿ ಊರುಗೋಲು ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. "ಅವಳು ತಿದ್ದಲಿ. ತಿದ್ದಲಿಕ್ಕಾದ್ರೂ ಬಾಯಿ ತೆರೀತಾಳಲ್ಲ."

"ನಿಮಗೆ ಚರ್ಚಿನ ರಾಗ ಬರ್ತದಾ ಅಜ್ಜಿ?"

"ಬೇಗ ನಡಿ. ಮಳೆ ಬರುವ ಹಾಗುಂಟು."

ಆ ಗುಟ್ಟನ್ನು ನಾನು ವರ್ಷಗಟ್ಟಲೆ ಬಾಯಲ್ಲಿ ಇಟ್ಟುಕೊಂಡೆ. 

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದರು. ಮಣಿಪಾಲದಲ್ಲಿ ತೋರಿಸಿದಾಗ ಡಾಕ್ಟರು ಪ್ರಾಯವಾಯಿತು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ನಡುಕೋಣೆಯಲ್ಲಿ ಮಂಚ ಹಾಕಿದೆವು. ನುಂಗುವುದು ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಊರುಗೋಲು ಮಾತ್ರ ಹಾಸಿಗೆಯ ಮೇಲೆ ಕೈಗೆ ಸಿಗುವಲ್ಲಿ ಇರಬೇಕಿತ್ತು. ಒಂದು ದಿನ ಅಪರಾಹ್ನದ ಮೇಲೆ ಅವರ ಉಸಿರು ಬದಲಾಯಿತು. ನಾನು ಓಡಿಹೋಗಿ ನಿಲ್ದಾಣದಿಂದ ಅಪ್ಪನನ್ನು ಕರೆತಂದೆ. ಅಪ್ಪ ಬಂದವರೇ ಮಂಚದ ಪಕ್ಕ ಮೊಣಕಾಲೂರಿದರು. ಅವರ ಮುಖದಲ್ಲಿ, ಬಹಳ ವರ್ಷಗಳ ಹಿಂದೆ ಹೊತ್ತಿಗೆ ಮೊದಲು ಸೀಟಿ ಊದಿದ ದಿನದ ಅದೇ ಭಯ ಇತ್ತು.

"ಕರ್ತನೇ, ನನ್ನ ಅಮ್ಮನನ್ನು..."

ಅಮ್ಮ ಅವರ ಹೆಗಲ ಮೇಲೆ ಕೈಯಿಟ್ಟರು.

"ಇವತ್ತು ಶನಿವಾರ."

"ಸುಗುಣ, ಇವತ್ತು ಒಂದು ದಿನ ಬಿಡು ಮಾರಾಯ್ತಿ."

"ನಿನ್ನೆ ಕೇಳಿದ್ದೇವೆ. ನಾಳೆಯೂ ಕೇಳುವ, ನಾನೂ ನಿಮ್ಮ ಜೊತೆ ಕೇಳ್ತೇನೆ. ಇವತ್ತಿನ ದಿನವನ್ನು ಇವರು ಇಷ್ಟು ಕಷ್ಟಪಟ್ಟು ಈ ಮನೆಯಲ್ಲಿ ಮಾಡಿಟ್ಟಿದ್ದಾರೆ. ಇದನ್ನು ಇವತ್ತು ತೆಗೆದ್ರೆ ಮತ್ತೆ ಯಾವಾಗ ಇಡುದು?"

ಅಪ್ಪ ತಲೆ ತಗ್ಗಿಸಿದರು. ಕೊಡದಿದ್ದವರನ್ನು ಹೊಗಳಲಾರೆ ಎಂದಿದ್ದ ನನ್ನ ಅಮ್ಮ ನೇರ ನಿಂತು, ಕಣ್ಣು ತೆರೆದುಕೊಂಡೇ ಹಾಡತೊಡಗಿದರು. ಚರ್ಚಿನ ರಾಗ, ಒಂದು ಸ್ವರವೂ ತಪ್ಪದೆ. ಅಜ್ಜಿಯ ತುಟಿ ಅಲುಗಿತು. ದನಿ ಬಹಳ ಸಣ್ಣದು, ಆದರೆ ಅದು ಬೇರೆ ಕಡೆ ಹೋಗುತ್ತಿತ್ತು, ಇಳಿಯಬೇಕಾದಲ್ಲಿ ಏರುತ್ತಿತ್ತು. ಎರಡು ರಾಗಗಳು ಆ ಕತ್ತಲ ಕೋಣೆಯಲ್ಲಿ ಒಂದಕ್ಕೊಂದು ತಾಗಿ ಎಡವಿದವು. ಅಮ್ಮ ನಿಲ್ಲಿಸಿದರು. ತಿದ್ದುತ್ತಾರೆ ಎಂದುಕೊಂಡೆ. ಅವರು ಮಂಚದ ಅಂಚಿನಲ್ಲಿ ಕೂತು, ಅಜ್ಜಿಯ ಬಾಯಿಯ ಹತ್ತಿರ ಬಗ್ಗಿ, ಮೊದಲ ಚರಣದಿಂದ ಮತ್ತೆ ಎತ್ತಿಕೊಂಡರು, ಈ ಸಲ ಅಜ್ಜಿಯ ರಾಗದಲ್ಲಿ. ಎಲ್ಲೂ ತಡವರಿಸಲಿಲ್ಲ. ಸಾಲಿನ ಕೊನೆಗೆ ಓ ಬಂದಾಗ ನಾನೂ ಸೇರಿದೆ, ಅಪ್ಪನೂ ಸೇರಿದರು. ಎಲ್ಲ ಚರಣಗಳನ್ನೂ ಹಾಡಿದೆವು.

ಭಾನುವಾರ ಅಪ್ಪ ಮನಸ್ಸಿಗೆ ತೃಪ್ತಿಯಾಗುವಷ್ಟು ಕೇಳಿದರು, ಅಮ್ಮನೂ ಮಾತು ಕೊಟ್ಟಂತೆ ಪಕ್ಕದಲ್ಲಿ ಕೂತು ಕೇಳಿದರು. ಸೋಮವಾರ ಅಜ್ಜಿ ತೀರಿಕೊಂಡರು. ಆ ವಾರದ ಶನಿವಾರ ಮನೆಯಲ್ಲಿ ಇನ್ನೂ ನೆಂಟರಿದ್ದರು. ಸಂಜೆ ಅಪ್ಪ ತಾವೇ ಚಾಪೆ ಹಾಸಿದರು, ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಗಡಿಯಾರದ ಮೊಳೆಗೆ ತೂಗುಹಾಕಿದರು, ನಮ್ಮನ್ನು ಕೂರಿಸಿ ಹಾಡು ಶುರು ಮಾಡಿದರು. ಅವರಿಗೆ ಯಾವ ರಾಗವೂ ಬರುತ್ತಿರಲಿಲ್ಲ. ಅಮ್ಮ ಎತ್ತಿಕೊಂಡರು, ಅದೇ ಗದ್ದೆಯ ರಾಗದಲ್ಲಿ. ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು.

ಅವರೆಲ್ಲ ಹೋದ ಮೇಲೆ, ಪಾತ್ರೆ ತೊಳೆಯುತ್ತಾ, ಇನ್ನು ಹೇಳಬಹುದೆಂದು ನಾನು ಅಮ್ಮನಿಗೆ ಕಾರ್ಕಳದ ಆ ಗದ್ದೆಯ ಕತೆ ಹೇಳಿದೆ. ಅಜ್ಜಿಯದ್ದು ತಪ್ಪು ರಾಗವಲ್ಲ, ನೇಜಿಯ ರಾಗ ಎಂದೆ. ಅಮ್ಮ ಬೂದಿ ಹಚ್ಚಿದ ಪಾತ್ರೆಯನ್ನು ತಿರುಗಿಸುತ್ತಾ ಇದ್ದರು.

"ನನಗೆ ಗೊತ್ತಿತ್ತು. ಕಾಪುವಿನಲ್ಲಿ ನಮ್ಮ ಮನೆಯ ಎದುರು ಇದ್ದದ್ದು ಗದ್ದೆ ಅಲ್ವಾ? ಮಾಮಿ ಹಾಡಿದ ಮೊದಲ ಶನಿವಾರವೇ ಗೊತ್ತಾಯ್ತು."

"ಮತ್ತೆ ಯಾಕೆ ಅಷ್ಟು ವರ್ಷ ತಿದ್ದಿದ್ದು?"

"ಹಾಡ್ಲಿಕ್ಕೆ ನನಗೂ ಒಂದು ನೆಪ ಬೇಕಿತ್ತಲ್ಲ ಮಗಾ."

ಅಮ್ಮ ಪಾತ್ರೆ ಕವುಚಿ ಹಾಕಿದರು. ಈಗ ಅವರೂ ಇಲ್ಲ, ಅಪ್ಪನೂ ಇಲ್ಲ, ಆ ಮನೆಯ ಜಾಗದಲ್ಲಿ ಗೋದಾಮು ಬಂದಿದೆ. ಇವತ್ತು ಶನಿವಾರ. ಬೆಳಗ್ಗಿನಿಂದ ಗುಂಪಿನಲ್ಲಿ ವಿಷಯಗಳು ಬರುತ್ತಲೇ ಇವೆ. ನನ್ನದೂ ಒಂದಿದೆ, ಸಣ್ಣದಲ್ಲ, ಸೋಮವಾರ ಮಣಿಪಾಲದಲ್ಲಿ ಅದರ ರಿಪೋರ್ಟು ಬರುತ್ತದೆ. ಅದನ್ನು ನಾಳೆ ಕೇಳುತ್ತೇನೆ, ಗಟ್ಟಿಯಾಗಿ ಕೇಳುತ್ತೇನೆ. ಈಗ ಚಾಪೆ ಹಾಸಿದ್ದೇನೆ, ಕಡುಬಿಗೆ ಅಕ್ಕಿ ನೆನೆಹಾಕಿದ್ದೇನೆ, ಮೊದಲ ಚರಣ ಎತ್ತಿಕೊಳ್ಳಬೇಕು.